ಸಿಂಹರಾಜ ಕಾಡಿನಂಚಿನ ಮನೆಯಲ್ಲಿ ನಾಲ್ಕು ರಾತ್ರಿ: ಗೋಧಿ ಮುಟ್ಟದ ನನ್ನ ಅನುಭವ

ಹಕ್ಕಿ ನೋಡಲು ಹೋಗುವವರಿಗೆ ಬೆಳಗ್ಗಿನ ತಿಂಡಿ ಹೋಟೆಲಿನ ಮೇಜಿನ ಮೇಲೆ ಸಿಗುವುದು ಕಡಿಮೆ. 5 ಗಂಟೆಗೆ ಕತ್ತಲಲ್ಲೇ ಹೊರಡಬೇಕು. ಅಡುಗೆಯವರು ರಾತ್ರಿಯೇ ಕಟ್ಟಿಟ್ಟ ಡಬ್ಬ ಕೈಗೆ ಕೊಡುತ್ತಾರೆ. ಯಾವ ದೇಶಕ್ಕೆ ಹೋದರೂ ಆ ಡಬ್ಬದಲ್ಲಿ ಇರುವುದು ಬ್ರೆಡ್ಡೇ. ಎರಡು ಸ್ಯಾಂಡ್‌ವಿಚ್, ಒಂದು ಬಾಳೆಹಣ್ಣು, ಒಂದು ಕೇಕ್ ತುಂಡು. ಅದರಲ್ಲಿ ನಾನು ತಿನ್ನಬಹುದಾದದ್ದು ಬಾಳೆಹಣ್ಣು ಮಾತ್ರ.

ನನಗೆ ಸೀಲಿಯಾಕ್ ಇದೆ. ರಕ್ತಪರೀಕ್ಷೆ, ಎಂಡೋಸ್ಕೋಪಿ, ಬಯಾಪ್ಸಿ ಎಲ್ಲ ಆಗಿ ಗೊತ್ತಾಗಿ ಏಳು ವರ್ಷ ಆಯಿತು. ಗೋಧಿ, ಬಾರ್ಲಿ, ರೈ ಇವುಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ಸಣ್ಣ ಕರುಳಿನ ಒಳಪದರ ಹಾಳಾಗುತ್ತದೆ. ಮಾತ್ರೆ ಇಲ್ಲ. ಜೀವನಪೂರ್ತಿ ಬಿಡುವುದೊಂದೇ ದಾರಿ. "ಸ್ವಲ್ಪ ತಿಂದರೆ ಏನಾಗಲ್ಲ" ಅಂತ ಮದುವೆಮನೆಯಲ್ಲಿ ಪ್ರೀತಿಯಿಂದ ಒತ್ತಾಯ ಮಾಡುತ್ತಾರಲ್ಲ, ಆ ಸ್ವಲ್ಪವೇ ತೊಂದರೆ. ಗ್ಲುಟೆನ್ ಇಲ್ಲ ಅಂತ ಪೊಟ್ಟಣದ ಮೇಲೆ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ನಮ್ಮ ದೇಶದ ನಿಯಮ. ಚಪಾತಿ ಬೇಯಿಸಿದ ಕಾವಲಿಯಲ್ಲಿ ದೋಸೆ ಹೊಯ್ದರೂ ನನಗೆ ಆಗುವುದಿಲ್ಲ. ಅದರ ಮೇಲೆ ನಾನು ಮೀನು, ಮಾಂಸ ತಿನ್ನುವವಳಲ್ಲ.

ಹೀಗಿರುವವಳು ಕಳೆದ ಫೆಬ್ರವರಿಯಲ್ಲಿ ಒಂಬತ್ತು ದಿನ ಶ್ರೀಲಂಕಾದಲ್ಲಿ ಹಕ್ಕಿ ನೋಡಿ ಬಂದೆ. ಸಿಂಹರಾಜ ಕಾಡಿನ ಕುಡವ ಬಾಗಿಲ ಹತ್ತಿರ ಒಂದು ಮನೆಯಲ್ಲಿ ನಾಲ್ಕು ರಾತ್ರಿ ಇದ್ದೆವು. ಈ ವಿಮರ್ಶೆ ಆ ಮನೆಯದ್ದು. ಮೂರು ಕೋಣೆಯ ಸಣ್ಣ ಹೋಂಸ್ಟೇ. ಬೋರ್ಡೂ ಇಲ್ಲ. ನಮ್ಮ ಕಾರು ಓಡಿಸಿದ ಹುಡುಗನ ಕಡೆಯಿಂದ ಸಿಕ್ಕಿತು. ಮನೆಯವರು ಹೆಸರು, ಫೋನ್ ನಂಬರು ಎಲ್ಲೂ ಹಾಕಬೇಡಿ ಅಂದಿದ್ದಾರೆ, ಅದಕ್ಕೆ ಹಾಕಿಲ್ಲ. ಕುಡವದ ಸುತ್ತ ಇಂಥ ಮನೆಗಳು ಇನ್ನೂ ಇವೆ. ನಾನು ಅಲ್ಲಿ ಏನು ಕೇಳಿದೆ, ಏನು ನೋಡಿದೆ ಅನ್ನುವುದು ನಿಮಗೆ ಬೇರೆ ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ.

ಅದಕ್ಕೂ ಮೊದಲು ಅಲ್ಲಿನ ಬೆಟ್ಟದ ಊರು ನುವರ ಎಲಿಯದಲ್ಲಿ ಆದದ್ದನ್ನು ಹೇಳಲೇಬೇಕು.

ಅಲ್ಲಿ ನಾವಿದ್ದದ್ದು ದೊಡ್ಡ ಹೋಟೆಲು. ಮೆನುವಿನಲ್ಲಿ ಗ್ಲುಟೆನ್ ಇಲ್ಲದ ತಿಂಡಿಗಳ ಪಕ್ಕದಲ್ಲಿ ಹಸಿರು ಗುರುತು ಇತ್ತು. ಅದನ್ನು ನೋಡಿಯೇ ಆ ಹೋಟೆಲು ಆರಿಸಿದ್ದು. ರಾತ್ರಿ ಊಟಕ್ಕೆ ಇಂದಿ ಆಪ್ಪ ತಂದರು, ಅಂದರೆ ನಮ್ಮ ಒತ್ತು ಶ್ಯಾವಿಗೆಯಂಥದ್ದು. ಬೆಳ್ಳಗೆ, ಹತ್ತಿಯ ಹಾಗೆ ಮೃದು. ಸಿಂಹಳದಲ್ಲಿ ಬರೆಸಿಕೊಂಡು ಹೋದ ಚೀಟಿ ತೋರಿಸಿದೆ. "ತಿರಿಂಗು ತಿನ್ನುವಂತಿಲ್ಲ" ಅಂತ ಅದರಲ್ಲಿತ್ತು. ತಿರಿಂಗು ಅಂದರೆ ಗೋಧಿ. ಬಡಿಸುವವರು ಓದಿದರು, "ಅಕ್ಕಿ ಹಿಟ್ಟು ಮೇಡಂ" ಅಂದರು. ತಿಂದೆ.

ಮೂರು ಗಂಟೆಯೊಳಗೆ ಹೊಟ್ಟೆ ಹಿಡಿದುಕೊಂಡಿತು. ರಾತ್ರಿಯಿಡೀ ವಾಂತಿ. ಮರುದಿನ ಬೆಳಗ್ಗೆ ಹತ್ತಿರದ ಹಾರ್ಟನ್ ಪ್ಲೇನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಕಿತ್ತು. ಶ್ರೀಲಂಕಾ ಬಿಟ್ಟು ಬೇರೆಲ್ಲೂ ಇಲ್ಲದ ಸಿಳ್ಳಾರ ಹಕ್ಕಿ ಅಲ್ಲಿದೆ. ನಸುಕಿನಲ್ಲಿ ದಾರಿ ಪಕ್ಕದ ಕೊಳದ ಹತ್ತಿರ ಸ್ವಲ್ಪ ಹೊತ್ತು ಕಾಣಿಸಿಕೊಳ್ಳುತ್ತದೆ, ಬಿಸಿಲು ಬಂದ ಮೇಲೆ ಸಿಗುವುದು ಕಷ್ಟ. ನಮ್ಮನೆಯವರೊಬ್ಬರೇ ಹೋಗಿ ಬಂದರು. ಬಂದವರು ಹಕ್ಕಿ ಸಿಕ್ಕಿತು ಅಂತ ತಾವಾಗಿ ಹೇಳಲಿಲ್ಲ. ಸಂಜೆ ನಾನೇ ಕೇಳಿದಾಗ ಮೆಲ್ಲಗೆ ಫೋಟೋ ತೋರಿಸಿದರು. ಕಪ್ಪುನೀಲಿ ಮೈ, ಹೆಗಲ ಮೇಲೆ ಹೊಳೆಯುವ ನೀಲಿ. ಎಂಟು ತಿಂಗಳು ಕಾದು, ದುಡ್ಡು ಕೂಡಿಸಿ, ರಜೆ ಹೊಂದಿಸಿ ಹೋಗಿದ್ದೆ. ಆ ದಿನ ನನಗೆ ಕಣ್ಣಲ್ಲಿ ನೀರು ಬಂತು.

ಮಾರನೇ ದಿನ ಅಡುಗೆಯವರನ್ನೇ ಕರೆಸಿ ಕೇಳಿದೆ. ಪಾಪ, ಅವರು ಮುಚ್ಚಿಡಲಿಲ್ಲ. ಅಕ್ಕಿ ಹಿಟ್ಟಿಗೆ ಅರ್ಧದಷ್ಟು "ಪಾನ್ ಪಿಟಿ" ಸೇರಿಸುತ್ತೇವೆ, ಆಗಲೇ ಬೆಳ್ಳಗೆ, ಮೆತ್ತಗೆ ಬರುವುದು ಅಂದರು. ಪಾನ್ ಅಂದರೆ ಬ್ರೆಡ್ಡು, ಪಿಟಿ ಅಂದರೆ ಹಿಟ್ಟು. ಅಲ್ಲಿನ ಜನ ಮೈದಾಕ್ಕೆ ದಿನಬಳಕೆಯಲ್ಲಿ ಹೇಳುವುದೇ ಹಾಗೆ. ನನ್ನ ಚೀಟಿಯಲ್ಲಿದ್ದ ತಿರಿಂಗು ಅನ್ನುವ ಮಾತು ಪುಸ್ತಕದ್ದು. ಅದನ್ನು ಓದಿದವರಿಗೆ ಗೋಧಿ ಕಾಳು ನೆನಪಾಗುತ್ತದೆ, ಡಬ್ಬದಲ್ಲಿರುವ ಬಿಳಿ ಹಿಟ್ಟು ನೆನಪಾಗುವುದಿಲ್ಲ. ನಮ್ಮಲ್ಲೂ ಹಾಗೇ ಅಲ್ವಾ? ಗೋಧಿ ಬೇಡ ಅಂದವರಿಗೆ ಮೈದಾದ ಪರೋಟ ಕೊಟ್ಟವರನ್ನು ನಾನೇ ನೋಡಿದ್ದೇನೆ.

ಶ್ರೀಲಂಕಾಕ್ಕೆ ಹೋಗುವ ನನ್ನಂಥವರು ಬೇರೇನು ಮರೆತರೂ ಈ ಎರಡು ಮಾತು ಮರೆಯಬೇಡಿ. ಪಾನ್ ಪಿಟಿ.

ಅಲ್ಲಿಂದ ಸಿಂಹರಾಜಕ್ಕೆ ಬಂದೆವು. ಇಡೀ ದಿನದ ದಾರಿ. ಕಲವಾನ ದಾಟಿದ ಮೇಲೆ ಚಹಾ ತೋಟ, ರಬ್ಬರು, ನಡುನಡುವೆ ಬೈನೆ ಮರ. ಸಾಗರದ ನಮ್ಮೂರಿನ ಕಡೆಗೇ ಬಂದ ಹಾಗೆ ಅನ್ನಿಸಿತು. ಆ ಬೈನೆಯನ್ನು ಅಲ್ಲಿ ಕಿತುಲ್ ಅನ್ನುತ್ತಾರೆ. ಅದರ ಹೂಗೊನೆಯಿಂದ ರಸ ಇಳಿಸಿ, ಕಾಯಿಸಿ, ಜೋನಿಬೆಲ್ಲ ಮತ್ತು ಗಟ್ಟಿ ಬೆಲ್ಲ ಮಾಡುತ್ತಾರೆ.

ಮನೆ ತಲುಪಿದಾಗ ಸಂಜೆ 6 ಗಂಟೆ. ಬಾಗಿಲಲ್ಲಿ ನಿಂತಿದ್ದವರು ಐವತ್ತೈದರ ಹೆಂಗಸು. ಸಿಂಹಳದಲ್ಲೂ ಅಕ್ಕನಿಗೆ ಅಕ್ಕ ಅಂತಲೇ ಹೇಳುವುದು. ಹಾಗಾಗಿ ಮೊದಲ ಮಾತಿನಿಂದಲೇ ಅವರು ನನಗೆ ಅಕ್ಕ, ನಾನು ಅವರಿಗೆ ನಂಗಿ, ಅಂದರೆ ತಂಗಿ. ಕಾರಿನ ಹುಡುಗ ಮಲ್ಲಿ, ತಮ್ಮ. ಮಲ್ಲಿ ನಮ್ಮಿಬ್ಬರ ನಡುವೆ ಕೂತು ಮಾತು ದಾಟಿಸಿದ. ನಾನು ನುವರ ಎಲಿಯದ ಕಥೆ ಹೇಳಿದೆ. ಅಕ್ಕ ಚೀಟಿ ಕೇಳಿ ಇಸಕೊಂಡರು. ತಿರಿಂಗು ಅನ್ನುವುದರ ಪಕ್ಕದಲ್ಲಿ ಪೆನ್ನಿನಿಂದ ಪಾನ್ ಪಿಟಿ ಅಂತ ಬರೆದರು. ಅದರ ಕೆಳಗೆ ಇನ್ನೊಂದು ಸಾಲು: ಸೋಯಾ ಸಾಸ್. ಅದರಲ್ಲಿ ಗೋಧಿ ಇರುತ್ತದೆ ಅಂತ ಅವರಿಗೆ ಗೊತ್ತಿತ್ತು. ಹಿಂದೆ ಬಂದಿದ್ದ ಯಾರೋ ವಿದೇಶಿ ಅತಿಥಿ ಹೇಳಿದ್ದರಂತೆ. ಆಮೇಲೆ "ಬನ್ನಿ" ಅಂತ ನೇರ ಅಡುಗೆಮನೆಗೆ ಕರೆದುಕೊಂಡು ಹೋದರು.

ಈ ಮನೆಗೆ ನಾನು ಪೂರ್ತಿ ಅಂಕ ಕೊಡುವುದು ಇದಕ್ಕೇ. ಹಸಿರು ಗುರುತಿನ ಮೆನು ಇದ್ದ ಹೋಟೆಲಿನಲ್ಲಿ ಅಡುಗೆಮನೆ ಬಾಗಿಲು ಮುಚ್ಚಿತ್ತು. ಇಲ್ಲಿ ಮೆನುವೇ ಇಲ್ಲ, ಡಬ್ಬಗಳ ಮುಚ್ಚಳ ಒಂದೊಂದಾಗಿ ತೆಗೆದು ತೋರಿಸಿದರು. ಕೆಂಪಕ್ಕಿ. ತೊಗರಿ ಬದಲು ಮಸೂರ ಬೇಳೆ. ಮನೆಯಲ್ಲೇ ಹುರಿದು ಕುಟ್ಟಿದ ಸಾರಿನ ಪುಡಿ, ಅಲ್ಲಿ ಅದನ್ನು ತುನಪಹ ಅನ್ನುತ್ತಾರೆ. ಕುರಕ್ಕನ್ ಹಿಟ್ಟು ಅಂತ ಒಂದು ಡಬ್ಬ ತೆಗೆದರು. ಮೂಗಿಗೆ ಹಿಡಿದೆ. ನಮ್ಮ ರಾಗಿ!

ರಾಗಿ ಕಂಡು ಸಂತೋಷ ಆಯಿತು, ಜೊತೆಗೆ ಒಂದು ಪ್ರಶ್ನೆಯೂ ಬಂತು. ಶಿವಮೊಗ್ಗದಲ್ಲಿ ನಾನು ರಾಗಿಯನ್ನು ಗಿರಣಿಗೆ ಕೊಡುವುದಿಲ್ಲ. ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸುತ್ತಾರೆ, ಹಿಟ್ಟಿನಲ್ಲಿ ಗೋಧಿ ಬೆರೆಯುತ್ತದೆ. ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಂಡಿದ್ದೇನೆ. ಅಕ್ಕನಿಗೆ ಇದನ್ನೇ ಕೇಳಿದೆ. ಅವರಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಊರ ಗಿರಣಿಗೆ ಗೋಧಿ ಯಾಕೆ ಬರುತ್ತದೆ ಅಂದರು. ಶ್ರೀಲಂಕಾದಲ್ಲಿ ಗೋಧಿ ಬೆಳೆಯುವುದಿಲ್ಲ. ಹಡಗಿನಲ್ಲಿ ಬರುತ್ತದೆ, ದೊಡ್ಡ ಕಾರ್ಖಾನೆಯಲ್ಲಿ ಹಿಟ್ಟಾಗುತ್ತದೆ, ಅಂಗಡಿಯಿಂದ ಮನೆಗೆ ಬರುತ್ತದೆ. ಅವರ ಊರ ಗಿರಣಿಯಲ್ಲಿ ಅಕ್ಕಿ, ಕುರಕ್ಕನ್, ಮೆಣಸು ಅಷ್ಟೇ. ನನಗೆ ಅಲ್ಲೇ ಅರ್ಧ ಭಯ ಹೋಯಿತು.

ಒಂದು ಕಡೆ ಮಾತ್ರ ನಾನು ಬೇಡ ಅಂದೆ. ಇಂದಿ ಆಪ್ಪ ಒತ್ತುವ ಮರದ ಅಚ್ಚು ತೋರಿಸಿದರು. ಬಿಸಿನೀರಲ್ಲಿ ಚೆನ್ನಾಗಿ ತೊಳೆದುಕೊಡುತ್ತೇನೆ ಅಂದರು. ನಾನು ಅದನ್ನು ದೀಪದ ಹತ್ತಿರ ಹಿಡಿದು ನೋಡಿದೆ. ಸೂಜಿ ತೂರುವಷ್ಟು ಸಣ್ಣ ತೂತುಗಳು. ಕೆಲವುಗಳಲ್ಲಿ ಹಳೆಯ ಹಿಟ್ಟು ಒಣಗಿ ಬೆಳ್ಳಗೆ ಕೂತಿತ್ತು. ಸೆರಗಿನ ಪಿನ್ನು ತೆಗೆದು ಕೆರೆದೆ, ಪುಡಿ ಉದುರಿತು. ಅಕ್ಕ ಬಗ್ಗಿ ನೋಡಿದರು. ಬೇಸರ ಮಾಡಿಕೊಳ್ಳಲಿಲ್ಲ. ಅಚ್ಚು ತೆಗೆದುಕೊಂಡು ಹೋಗಿ ಮೇಲಿನ ಹಲಗೆ ಮೇಲಿಟ್ಟರು. ಹೊಸ ಮಣ್ಣಿನ ಗಡಿಗೆಯೊಂದನ್ನು ಕೆಳಗಿಳಿಸಿದರು. ನಾಲ್ಕು ದಿನವೂ ನನ್ನ ಅಡುಗೆ ಆ ಗಡಿಗೆಯಲ್ಲಿ ಆಯಿತು.

ಈಗ ಬೆಳಗ್ಗಿನ ಮಾತು. ನಾಲ್ಕೂವರೆಗೆ ಎದ್ದು ಹೊರಗೆ ಬಂದರೆ ಅಡುಗೆಮನೆಯಲ್ಲಿ ಬೆಳಕು ಇರುತ್ತಿತ್ತು. ಮೊದಲ ದಿನ ಅಕ್ಕ ಏನು ಮಾಡುತ್ತಾರೆ ಅಂತ ಪಕ್ಕದಲ್ಲೇ ನಿಂತು ನೋಡಿದೆ. ಕೆಂಪಕ್ಕಿಯನ್ನು ಶುಂಠಿ, ಬೆಳ್ಳುಳ್ಳಿ ಹಾಕಿ ಮೆತ್ತಗೆ ಗಂಜಿ ಮಾಡಿದ್ದರು. ಕಲ್ಲಲ್ಲಿ ಒಂದು ಹಿಡಿ ಎಲೆ ಅರೆದು, ಬಟ್ಟೆಯಲ್ಲಿ ಹಿಂಡಿ, ಹಸಿರು ರಸ ತೆಗೆದರು. ಆ ಎಲೆ ಗೊಟುಕೊಳ, ಅಂದರೆ ನಮ್ಮ ಒಂದೆಲಗ. ನಮ್ಮಲ್ಲಿ ತಂಬುಳಿ ಮಾಡುವ ಅದೇ ಎಲೆ. ಗಂಜಿಗೆ ತೆಂಗಿನ ಹಾಲು ಹಾಕಿ, ಒಲೆಯಿಂದ ಇಳಿಸುವ ಮೊದಲು ರಸ ಸುರಿದರು. ಕುದಿಸಿದರೆ ಬಣ್ಣ ಹೋಗುತ್ತದೆ ಅಂತ ಕೈಸನ್ನೆ ಮಾಡಿ ಹೇಳಿದರು. ಗಂಜಿ ನೋಡನೋಡುತ್ತ ಎಳೆ ಹುಲ್ಲಿನ ಬಣ್ಣಕ್ಕೆ ತಿರುಗಿತು. ಇದಕ್ಕೆ ಕೊಳ ಕೆಂದ ಅಂತ ಹೆಸರು. ಸಕ್ಕರೆ ಹಾಕುವುದಿಲ್ಲ. ಕಿತುಲ್ ಬೆಲ್ಲದ ಚೂರನ್ನು ಕಚ್ಚಿಕೊಂಡು, ಬಿಸಿಬಿಸಿ ಗಂಜಿ ಹೀರುವುದು. ಬೆಲ್ಲದಲ್ಲಿ ಸ್ವಲ್ಪ ಹೊಗೆಯ ವಾಸನೆ. ಎರಡು ಲೋಟ ಕುಡಿದರೆ ಹತ್ತು ಗಂಟೆವರೆಗೆ ಹಸಿವಿಲ್ಲ. ಏಳು ವರ್ಷದಲ್ಲಿ ಮನೆಯಿಂದ ಹೊರಗೆ ನಾನು ಇಷ್ಟು ನೆಮ್ಮದಿಯಿಂದ ತಿಂಡಿ ತಿಂದದ್ದಿಲ್ಲ.

ಕಟ್ಟಿಕೊಡುವ ಬುತ್ತಿ ಕಿರಿಬತ್. ತೆಂಗಿನ ಹಾಲಲ್ಲಿ ಬೇಯಿಸಿದ ಅನ್ನವನ್ನು ತಟ್ಟಿ, ನಮ್ಮ ಬರ್ಫಿಯ ಹಾಗೆ ಕೊಯ್ದದ್ದು. ಹೊಸ ವರ್ಷಕ್ಕೆ, ತಿಂಗಳ ಮೊದಲ ದಿನಕ್ಕೆ, ಶುಭಕಾರ್ಯಕ್ಕೆ ಮಾಡುತ್ತಾರಂತೆ. ನನಗೋಸ್ಕರ ಸುಮ್ನೆ ಸೋಮವಾರ, ಮಂಗಳವಾರವೂ ಮಾಡಿದರು. ಬಾಳೆ ಎಲೆಯಲ್ಲಿ ಸುತ್ತಿ, ಜೊತೆಗೆ ಈರುಳ್ಳಿ, ಒಣಮೆಣಸು, ಉಪ್ಪು, ನಿಂಬೆ ಹಾಕಿ ಅರೆದ ಲುನು ಮಿರಿಸ್.

ಎರಡನೇ ದಿನ ಈ ಬುತ್ತಿ ಬಿಚ್ಚಿದ್ದು ಕಾಡಿನೊಳಗೆ ಮರದ ಬೇರಿನ ಮೇಲೆ ಕೂತು. ಸಿಂಹರಾಜ 1988ರಿಂದ ವಿಶ್ವ ಪರಂಪರೆಯ ತಾಣ. ಒಳಗೆ ಹೋಗಲು ಟಿಕೆಟ್ ಜೊತೆ ಅರಣ್ಯದ ಗೈಡ್ ಕಡ್ಡಾಯ. ನಮ್ಮ ಗೈಡ್ ಒಂಬತ್ತೂವರೆಗೆ "ಇಲ್ಲೇ ಕೂರಿ, ಬರುತ್ತವೆ" ಅಂದರು. ಕಾಡು ನಿಶ್ಶಬ್ದ. ಜಿಗಣೆಗಳು ಕಾಲುಚೀಲದ ಮೇಲೆ ಹತ್ತುತ್ತಿದ್ದವು. ನಾನು ಎರಡನೇ ತುಂಡು ಬಾಯಿಗಿಟ್ಟಿದ್ದೆ, ದೂರದಲ್ಲಿ ಕಿಚಿಪಿಚಿ ಶುರುವಾಯಿತು. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳು. ಅವುಗಳ ಜೊತೆಗೆ ಜುಟ್ಟಿನ ಕಾಜಾಣ. ಈ ಎರಡೂ ಇದ್ದರೆ ಹಿಂದೆ ಬೇರೆ ಬೇರೆ ಹಕ್ಕಿಗಳ ಇಡೀ ಮೆರವಣಿಗೆ ಇರುತ್ತದೆ. ಬೂದುತಲೆಯ ನಗೆಮಲ್ಲ, ಕಾಕರಣೆ, ಮೇಲಿನ ಹಸಿರಲ್ಲಿ ಕೆಂಪು ಮುಖದ ಮಲ್ಕೋಹ. ಕೊನೆಗೆ ನೀಲಿ ಮ್ಯಾಗ್‌ಪೈ ಎರಡು. ನೀಲಿ ಮೈ, ಕಂದುಗೆಂಪು ತಲೆ ಮತ್ತು ರೆಕ್ಕೆ, ಕೊಕ್ಕು ಕಾಲು ಹವಳದ ಬಣ್ಣ. ಹದಿನೈದು ನಿಮಿಷದಲ್ಲಿ ಎಲ್ಲ ದಾಟಿಹೋದವು. ಅಷ್ಟೂ ಹೊತ್ತು ನನ್ನ ಒಂದು ಕೈಯಲ್ಲಿ ಬೈನಾಕ್ಯುಲರ್, ಇನ್ನೊಂದರಲ್ಲಿ ಕಿರಿಬತ್. ಹೊಟ್ಟೆಗೆ ಏನಾಗುತ್ತದೋ ಅನ್ನುವ ಯೋಚನೆ ತಲೆಯಲ್ಲಿ ಇರಲೇ ಇಲ್ಲ. ಇಂಥ ಕಾಯಿಲೆ ಇರುವವರಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಿರುತ್ತದೆ.

ಮಧ್ಯಾಹ್ನದ ಊಟ ಕೆಂಪಕ್ಕಿ ಅನ್ನ, ತೆಂಗಿನ ಹಾಲಿನ ಬೇಳೆ, ಎಳೆ ಹಲಸಿನ ಪಲ್ಯ, ಬೀಟ್‌ರೂಟ್, ಒಂದೆಲಗಕ್ಕೆ ಕಾಯಿತುರಿ ಹಾಕಿದ ಸಂಬೋಲ. ರಾತ್ರಿ ಒಂದು ದಿನ ಕುರಕ್ಕನ್ ತಲಪ ಮಾಡಿದ್ದರು. ಹೆಸರು ಬೇರೆ, ಆದರೆ ಅದು ಮುದ್ದೆಯೇ. ನಮ್ಮನೆಯವರು ಹಾಸನದಲ್ಲಿ ಬೆಳೆದವರು, ಅಗಿಯದೆ ನುಂಗಿದ್ದನ್ನು ನೋಡಿ ಅಕ್ಕನಿಗೆ ಆಶ್ಚರ್ಯವೋ ಆಶ್ಚರ್ಯ.

ಕೊರತೆಗಳನ್ನೂ ಹೇಳುತ್ತೇನೆ. ಮೊದಲ ರಾತ್ರಿ ತೆಂಗಿನಕಾಯಿ ಸಂಬೋಲದಲ್ಲಿ ಉಂಬಲಕಡ ಇತ್ತು. ಒಣಗಿಸಿದ ಟ್ಯೂನಾ ಮೀನಿನ ಚೂರು. ಮೀನು ತಿನ್ನುವುದಿಲ್ಲ ಅಂತ ಹೇಳಿದ್ದೆ, ಆದರೂ ಬಂತು. ಅಲ್ಲಿ ಅದನ್ನು ಮೀನು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ರುಚಿಗೆ ಹಾಕುವ ಪುಡಿ ಅಷ್ಟೇ. ನಮ್ಮಲ್ಲಿ ಡಬ್ಬದ ಇಂಗಿಗೆ ಮೈದಾ ಬೆರೆಸಿರುತ್ತಾರೆ, ಅದನ್ನು ಯಾರೂ ಗೋಧಿ ಅಂತ ಲೆಕ್ಕ ಹಾಕುವುದಿಲ್ಲವಲ್ಲ, ಹಾಗೆ. ಅಕ್ಕ ತುಂಬಾ ನೊಂದುಕೊಂಡರು, ಆಮೇಲೆ ತಪ್ಪಾಗಲಿಲ್ಲ. ಸಸ್ಯಾಹಾರಿಗಳು "ಉಂಬಲಕಡ ಎಪಾ", ಅಂದರೆ ಬೇಡ, ಅಂತ ಬೇರೆಯಾಗಿ ಹೇಳಲೇಬೇಕು.

ಕೋಣೆಯಲ್ಲಿ ತೇವ ಜಾಸ್ತಿ. ಒಗೆದ ಬಟ್ಟೆ ನಾಲ್ಕು ದಿನವೂ ಒಣಗಲಿಲ್ಲ. ಬಿಸಿನೀರು ಒಂದು ಬಕೆಟ್ ಬಂದರೆ ಪುಣ್ಯ. ಹಪ್ಪಳವನ್ನು ನಾನು ಮುಟ್ಟಲಿಲ್ಲ, ಬೇರೆ ಅತಿಥಿಗಳಿಗೆ ಕಟ್ಲೆಟ್ ಕರಿದ ಎಣ್ಣೆಯಲ್ಲೇ ಕರಿಯುತ್ತಾರೆ. ಮಂಡಿ ನೋವಿರುವವರಿಗೆ ಮೆಟ್ಟಿಲು ಕಷ್ಟ. ಊಟ, ತಿಂಡಿ ಎಲ್ಲ ಸೇರಿ ಇಬ್ಬರಿಗೆ ದಿನಕ್ಕೆ 14 ಸಾವಿರ ಶ್ರೀಲಂಕಾ ರೂಪಾಯಿ ಕೊಟ್ಟೆವು, ನಮ್ಮ ದುಡ್ಡಲ್ಲಿ ನಾಲ್ಕು ಸಾವಿರದ ಹತ್ತಿರ. ಕಾಡಿನ ಟಿಕೆಟ್, ಗೈಡ್ ದುಡ್ಡು ಬೇರೆ.

ನಾನು ಮನೆಯಿಂದ ಒಯ್ದದ್ದು ಅವಲಕ್ಕಿ, ಹುರಿಗಡಲೆ, ರಾಗಿ ಹುರಿಹಿಟ್ಟು, ಇಂಗು ಹಾಕದ ಚಟ್ನಿಪುಡಿ ಮತ್ತು ಸಣ್ಣ ಕರೆಂಟ್ ಕೆಟಲ್. ನುವರ ಎಲಿಯದಲ್ಲಿ ಹೊಟ್ಟೆ ಕೆಟ್ಟ ಮೇಲೆ ಎರಡು ದಿನ ಇದರಲ್ಲೇ ಕಳೆದೆ. ವಿಮಾನದ ಊಟ ನಂಬಬೇಡಿ. ವಿಶೇಷ ಊಟದಲ್ಲಿ ಸಾಮಾನ್ಯವಾಗಿ ಒಂದನ್ನೇ ಆರಿಸಲು ಬಿಡುತ್ತಾರೆ. ಗ್ಲುಟೆನ್ ಇಲ್ಲದ್ದು ಕೇಳಿದರೆ ಕೋಳಿ ಬರಬಹುದು, ಸಸ್ಯಾಹಾರ ಕೇಳಿದರೆ ಪರೋಟ ಬರಬಹುದು. ಬೆಂಗಳೂರಿನಿಂದ ಕೊಲಂಬೊ ಒಂದೂವರೆ ಗಂಟೆಯ ದಾರಿ, ಒಂದು ಪೊಟ್ಟಣ ಅವಲಕ್ಕಿ ಸಾಕು.

ಕೊನೆಯ ದಿನ ಗೈಡ್ ನಮ್ಮನ್ನು ಒಂದು ಪೊದೆಯ ಹತ್ತಿರ ಕರೆದುಕೊಂಡು ಹೋಗಿ, ಕೆಳಗೆ ಬಗ್ಗಿ ನೋಡಿ ಅಂದರು. ಒಣ ಎಲೆಗಳ ನಡುವೆ ಒಣ ಎಲೆಯದ್ದೇ ಬಣ್ಣದ ಪುಟ್ಟ ಗೂಬೆ. ಸೆರೆಂಡಿಬ್ ಗೂಬೆ. ಕಿವಿಯಂಥ ಜುಟ್ಟಿಲ್ಲ, ಗುಂಡು ತಲೆ. ಶ್ರೀಲಂಕಾದ ಹಕ್ಕಿ ತಜ್ಞ ದೀಪಾಲ್ ವರಕಗೊಡ ಅವರು ಮೊದಲು ಅದರ ಕೂಗು ಮಾತ್ರ ಕೇಳಿ, ವರ್ಷಗಟ್ಟಲೆ ಹುಡುಕಿ, 2001ರ ಜನವರಿಯಲ್ಲಿ ಇದೇ ಸಿಂಹರಾಜದಲ್ಲಿ ಕಣ್ಣಾರೆ ಕಂಡರು. 2004ರಲ್ಲಿ ಹೊಸ ಜಾತಿ ಅಂತ ಹೆಸರು ಕೊಟ್ಟರು. ಶ್ರೀಲಂಕಾದಲ್ಲಿ ಅದಕ್ಕೂ ಮೊದಲು ಹೊಸ ಹಕ್ಕಿ ಸಿಕ್ಕಿದ್ದು 1868ರಲ್ಲಿ. ಆ ಹಕ್ಕಿ ಯಾವುದು ಗೊತ್ತಾ? ನಾನು ಹಾಸಿಗೆಯಲ್ಲಿ ಮಲಗಿ ಕಳೆದುಕೊಂಡ ಅದೇ ಸಿಳ್ಳಾರ.

ಹೊರಡುವಾಗ ಅಕ್ಕ ಒಂದು ಕಿಲೋ ಕುರಕ್ಕನ್ ಹಿಟ್ಟು ಕಟ್ಟಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಬರುವ ಜನವರಿಗೆ ಮತ್ತೆ ಮೂರು ರಾತ್ರಿ ಕೇಳಿದ್ದೇನೆ. ಈ ಸಲ ಮೊದಲು ಸಿಂಹರಾಜ, ಆಮೇಲೆ ನುವರ ಎಲಿಯ. ಹಾರ್ಟನ್ ಪ್ಲೇನ್ಸಿಗೆ ಹೋಗುವ ಬೆಳಗ್ಗೆ ನನ್ನ ಕೆಟಲಿನಲ್ಲಿ ಅಕ್ಕನ ಮನೆಯ ಹಿಟ್ಟಿನ ಗಂಜಿಯೇ ಇರುತ್ತದೆ.